ಒಂದು ಕಿವಿ ಚಲೋ ಐತಲ್ಲ, ಸಾಕೇನು?

ಮಾನ್ಯ ಸಂಪಾದಕರೆ,

ಗದಗದಲ್ಲಿ ಇಪ್ಪತ್ತು ವರ್ಷದಿಂದ ಖಾನಾವಳಿ ನಡೆಸುತ್ತಿದ್ದೇನೆ. ನನ್ನ ಎಡಗಿವಿ ಪೂರ್ತಿ ಕೇಳುವುದಿಲ್ಲ. ಗಲ್ಲಾದಲ್ಲಿ ಕೂತರೆ ಎಡಕ್ಕೆ ಆರು ಟೇಬಲ್ಲು, ಬಲಕ್ಕೆ ಬಾಗಿಲು. "ಅಕ್ಕಾರ, ಇನ್ನೊಂದು ರೊಟ್ಟಿ" ಎಂದು ಎಡಗಡೆಯಿಂದ ಮೂರು ಸಲ ಕೂಗಿದವರು ನಾಲ್ಕನೆಯ ಸಲ ಕೂಗುವುದಿಲ್ಲ. ಬಾಗಿಲು ದಾಟುವಾಗ "ಈಕಿಗೆ ರೊಕ್ಕದ ಸೊಕ್ಕು" ಅನ್ನುತ್ತಾರೆ. ಅದು ಮಾತ್ರ ಬಲಗಿವಿಗೆ ಸ್ಪಷ್ಟವಾಗಿ ಕೇಳುತ್ತದೆ.

ಹೋದ ತಿಂಗಳು ನಮ್ಮ ಕಡೆ ಉಚಿತ ಶ್ರವಣ ಸಾಧನದ ಶಿಬಿರ ಇತ್ತು. ನಮ್ಮಲ್ಲಿ ಪಾತ್ರೆ ತೊಳೆಯುವಾಕೆಯ ಮಗನನ್ನು ಕರಕೊಂಡು ಹೋದೆ. ನಾಲ್ಕನೆಯ ತರಗತಿ ಹುಡುಗ, ಮಂಗನಬಾವು ಬಂದುಹೋದ ಮೇಲೆ ಬಲಗಿವಿ ಹೋಗಿದೆ. ಮೇಜಿನ ಹಿಂದಿದ್ದವರು ಚೀಟಿ ನೋಡಿ, "ಇನ್ನೊಂದು ಚಲೋ ಐತಲ್ಲವ್ವ, ಮುಂದಿನವರು ಬರ್ರಿ" ಅಂದರು. ಈ ಪತ್ರ ಆ ಮಾತಿಗೆ.

ನನ್ನ ಕಿವಿ ಹೋದದ್ದೂ ಮಂಗನಬಾವಿನಿಂದಲೇ, ಒಂಬತ್ತನೆಯ ವಯಸ್ಸಿಗೆ. ಅರಿಶಿಣ, ಸುಣ್ಣ ಹಚ್ಚಿ ಮಲಗಿಸಿದರು, ಬಾವು ಇಳಿಯಿತು, ಕಿವಿಯ ಸುದ್ದಿ ನನಗೂ ಗೊತ್ತಾಗಲಿಲ್ಲ. ಗೊತ್ತಾದದ್ದು ಹದಿನಾರರಲ್ಲಿ, ಎಸ್‌ಟಿಡಿ ಬೂತಿನಲ್ಲಿ. ರಿಸೀವರ್ ಎಡಗಿವಿಗೆ ಹಿಡಿದು "ಲೈನ್ ಸತ್ತೈತ್ರಿ" ಅಂದೆ. ಬೂತಿನವನು ತನ್ನ ಕಿವಿಗೆ ಹಿಡಿದು ನೋಡಿ, "ನಿಮ್ಮ ಮಾಮಾ ಮಾತಾಡಾಕತ್ತಾರಲ್ಲ" ಅಂದ.

ಹತ್ತು ವರ್ಷದ ಹಿಂದೆ ಒಂದು ಅಂಗಡಿಯಲ್ಲಿ ಹೆಡ್‌ಫೋನ್ ಹಾಕಿ ಪರೀಕ್ಷೆ ಮಾಡಿದರು. "ಎಡಕ್ಕೆ 60 ಡೆಸಿಬಲ್ ನಷ್ಟ, ಮಷೀನು ಹಾಕಿದರೆ ಕೇಳುತ್ತದೆ" ಎಂದು 28,000 ರೂಪಾಯಿಯ ಸಾಧನ ಕೊಟ್ಟರು. ಒಂದು ನಡುಕ ಬಿಟ್ಟು ಏನೂ ಕೇಳಲಿಲ್ಲ. ಎರಡು ವರ್ಷ ಅದು ಮಸಾಲೆ ಡಬ್ಬಿಯ ಪಕ್ಕ ಬಿದ್ದಿತ್ತು. ಆಮೇಲೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋದೆ. ಅಲ್ಲಿಯ ಹುಡುಗಿ ಎಡಗಿವಿ ಪರೀಕ್ಷೆ ಮಾಡುವಾಗ ಬಲಗಿವಿಗೆ ಮಳೆ ಸುರಿದಂಥ ಸದ್ದು ಬಿಟ್ಟೇ ಇದ್ದಳು. ಜೋರು ಸದ್ದು ತಲೆಬುರುಡೆ ದಾಟಿ ಆಚೆ ಕಿವಿಗೆ ಮುಟ್ಟುತ್ತದಂತೆ. ಎಡಕ್ಕೆ ಕೇಳಿತು ಎಂದುಕೊಂಡು ನಾವು ಕೈ ಎತ್ತುತ್ತೇವೆ, ಕೇಳಿದ್ದು ಬಲಕ್ಕೆ. ಅದಕ್ಕೇ ಚಲೋ ಕಿವಿಯನ್ನು ಬೇರೆ ಕೆಲಸಕ್ಕೆ ಹಚ್ಚಿಡಬೇಕು, ಮಾಸ್ಕಿಂಗ್ ಎನ್ನುತ್ತಾರೆ. ಹಾಗೆ ಮಾಡಿದಾಗ ಎಡಗಿವಿಯಲ್ಲಿ ಏನೂ ಉಳಿದಿಲ್ಲವೆಂದು ತಿಳಿಯಿತು. ಅಂಗಡಿಯ ಆ 60 ಡೆಸಿಬಲ್ ನನ್ನ ಬಲಗಿವಿ ಹೇಳಿದ ಸುಳ್ಳುಸಾಕ್ಷಿ.

ನನ್ನಂಥವರಿಗೆ ಇರುವುದು ಕ್ರಾಸ್ ಎಂಬ ಜೋಡಿ ಸಾಧನ. ಕೆಟ್ಟ ಕಿವಿಯ ಹಿಂದೆ ಮೈಕು, ಅದು ಹಿಡಿದ ಮಾತನ್ನು ತಂತಿಯಿಲ್ಲದೆ ಚಲೋ ಕಿವಿಗೆ ದಾಟಿಸುತ್ತದೆ. ಭಿಶಿ ಎತ್ತಿದ ರೊಕ್ಕ ಸೇರಿಸಿ 1,10,000 ಕೊಟ್ಟು ತಂದೆ. ಮದುವೆಯಾಗಿ ಇಪ್ಪತ್ತೆರಡು ವರ್ಷಕ್ಕೆ ನಮ್ಮವರು ಮೊದಲ ಸಲ ನನ್ನ ಎಡಕ್ಕೆ ನಡೆಯುತ್ತ ಮಾತಾಡಿದರು, ತ್ರಿಕೂಟೇಶ್ವರನ ಗುಡಿಯಿಂದ ಮನೆತನಕ. ಮಾತಾಡಿದ್ದು ಗ್ಯಾಸ್ ಸಿಲಿಂಡರಿನ ಬಗ್ಗೆ, ಇರಲಿ. ಆದರೆ ಮಧ್ಯಾಹ್ನ ಒಂದರಿಂದ ಎರಡೂವರೆ ತನಕ ಅದನ್ನು ತೆಗೆದಿಡುತ್ತೇನೆ. ಎಡಗಡೆ ಮೋರಿಯಲ್ಲಿ ತಾಟು ಬೀಳುವ ಸದ್ದೆಲ್ಲ ಇರುವ ಒಂದೇ ಕಿವಿಗೆ ಬಂದು ಸುರಿದು, ಎದುರಿಗೆ ನಿಂತವರ ಮಾತೂ ಮುಳುಗುತ್ತದೆ. ದಿಕ್ಕಂತೂ ಇದರಿಂದಲೂ ತಿಳಿಯದು. ದಿಕ್ಕು ತಿಳಿಯಲು ಎರಡು ಕಿವಿ ಬೇಕು. ಮಗಳು "ಅವ್ವಾ, ಇಲ್ಲೇ ಅದೀನಿ" ಅಂದರೆ ಮೂರು ಖೋಲಿ ಹುಡುಕುತ್ತೇನೆ.

ಅಮೆರಿಕದಲ್ಲಿ 2019ರಿಂದ ಒಂದೇ ಕಿವಿ ಹೋದವರಿಗೂ ಕಾಕ್ಲಿಯರ್ ಇಂಪ್ಲಾಂಟ್‌ಗೆ, ಅಂದರೆ ಆಪರೇಷನ್ ಮಾಡಿ ಒಳಗಿವಿಯಲ್ಲಿ ಕೂರಿಸುವ ಸಾಧನಕ್ಕೆ, ಒಪ್ಪಿಗೆ ಇದೆ. ದಿಕ್ಕಿನ ವಿಷಯದಲ್ಲಿ ಅದೇ ಮೇಲು. ಆದರೆ ಕಿವಿ ಹೋಗಿ ವರ್ಷ ಹೆಚ್ಚಾದಷ್ಟು ಫಲ ಕಡಿಮೆ. ನನ್ನದು ಮೂವತ್ತಾರು ವರ್ಷದ ಹಳೆಯ ಮಾತು. ಹುಡುಗನದು ಹಾಗಲ್ಲ.

ಸರ್ಕಾರದ ಲೆಕ್ಕವೂ ಚಲೋ ಕಿವಿಯ ಸಾಕ್ಷಿಯನ್ನೇ ನಂಬುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಗೆ ಎರಡೂ ಕಿವಿಯಲ್ಲಿ 60 ಡೆಸಿಬಲ್ ನಷ್ಟ ಬೇಕು. ಶೇಕಡಾ ತೆಗೆಯುವಾಗ ಚಲೋ ಕಿವಿಗೆ ಐದು ಪಾಲು, ಕೆಟ್ಟದ್ದಕ್ಕೆ ಒಂದು. ಗಲ್ಲಾದ ಲೆಕ್ಕ ನನಗೂ ಬರುತ್ತದೆ: ಚಲೋ ಕಿವಿಗೆ ಸೊನ್ನೆ, ಹೋದ ಕಿವಿಗೆ 100 ಹಾಕಿ ಆರರಿಂದ ಭಾಗಿಸಿದರೆ 17 ದಾಟುವುದಿಲ್ಲ. ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರ ಸರ್ಕಾರದ ಎಡಿಐಪಿ ಯೋಜನೆಯ ಉಚಿತ ಸಾಧನಕ್ಕೆ ಶೇ 40 ಆಗಬೇಕು.

ನನಗೆ ಪಿಂಚಣಿ, ಬಸ್‌ಪಾಸ್ ಬೇಡ. ಎರಡೂ ಕಿವಿ ಹೋದವರ ಪಾಲಿಗೆ ಕೈ ಹಾಕುವ ಮನಸ್ಸಿಲ್ಲ. ಜಿಲ್ಲಾ ಆಸ್ಪತ್ರೆಗಳು ಎರಡು ಮೂರು ಕ್ರಾಸ್ ಜೋಡಿ ಇಟ್ಟುಕೊಂಡು, ಕೊಳ್ಳುವ ಮೊದಲು ಹದಿನೈದು ದಿನ ನಮ್ಮ ಗದ್ದಲದಲ್ಲೇ ಹಾಕಿ ನೋಡಲು ಕೊಡಲಿ. ಮಾಸ್ಕಿಂಗ್ ಇಲ್ಲದೆ ಒಂದು ಕಿವಿಯವರಿಗೆ ಯಾರೂ ಮಷೀನು ಮಾರದಂತೆ ನೋಡಿಕೊಳ್ಳಲಿ. ಸರ್ಕಾರಿ ಲಸಿಕೆಯಲ್ಲಿ ದಡಾರ, ರುಬೆಲ್ಲಾ ಇವೆ, ಮಂಗನಬಾವಿಲ್ಲ. ರೊಕ್ಕ ಕೊಟ್ಟರೆ ಖಾಸಗಿಯಲ್ಲಿ ಮೂರೂ ಸೇರಿದ ಎಂಎಂಆರ್ ಲಸಿಕೆ ಸಿಗುತ್ತದೆ. ಪಾತ್ರೆ ತೊಳೆಯುವಾಕೆಗೆ ಇದನ್ನು ಯಾರೂ ಹೇಳಿರಲಿಲ್ಲ.

ಶಿಬಿರದಿಂದ ಬಂದವಳು ಹುಡುಗನ ಶಾಲೆಗೆ ಹೋದೆ. ಎಡಗಡೆ ಕಿಟಕಿ ಪಕ್ಕ ಕೂರಿಸಿದ್ದರು, ಕೇಳುವ ಕಿವಿ ರಸ್ತೆಯ ಕಡೆ. ಬಲಗೋಡೆಗೆ ಕೂರಿಸಿರಿ ಅಂದೆ. ಆದರೆ ಅದು ಹುಡುಗಿಯರ ಸಾಲು, ಅವನಿಗೆ ನಾಚಿಕೆ. ಗುರುಗಳು ಸ್ವಲ್ಪ ಯೋಚಿಸಿ, ಹುಡುಗಿಯರ ಸಾಲನ್ನೇ ಎಡಕ್ಕೆ ಕಳಿಸಿದರು.

– ಖಾನಾವಳಿ ನಡೆಸುವ ಓದುಗಿ, ಗದಗ