ಫಾರಿನ್ ದುಡ್ಡು ನಿಂತಿದ್ದಕ್ಕಿಂತ ನಮ್ಮ ಡ್ರಗ್ಸ್ ವಿರೋಧಿ ಜಾಥಾನೇ ದೊಡ್ಡ ಚಿಂತೆ

ಮಾನ್ಯ ಸಂಪಾದಕರಿಗೆ ನಮಸ್ಕಾರ,

2025ರ ಜನವರಿ 20ಕ್ಕೆ ಟ್ರಂಪ್ ಅಧಿಕಾರಕ್ಕೆ ಬಂದ ದಿನಾನೇ ಅಮೆರಿಕ ಬೇರೆ ದೇಶಗಳಿಗೆ ಕೊಡೋ ನೆರವಿಗೆ 90 ದಿನ ತಡೆ ಹಾಕಿದ್ರು, ಜುಲೈ 1ಕ್ಕೆ ಆ ನೆರವು ಹಂಚ್ತಿದ್ದ ಯುಎಸ್‌ಏಡ್ ಅನ್ನೋ ಸಂಸ್ಥೆಯ ಬಾಗಿಲೇ ಮುಚ್ಚಿತು. ಏಡ್ಸ್, ಟಿಬಿ ಔಷಧಕ್ಕೆ ಏನಾಗುತ್ತೆ ಅಂತ ಎಲ್ರೂ ಬರೆದ್ರು, ಸರಿ. ಆದ್ರೆ ಹುಡುಗ್ರು ಡ್ರಗ್ಸ್ ಚಟಕ್ಕೆ ಬೀಳದ ಹಾಗೆ ನೋಡ್ಕೊಳ್ಳೋ ಕೆಲಸಕ್ಕೂ ಇದೇ ಥರ ಹೊರಗಿನ ದುಡ್ಡು ಬರುತ್ತೆ ಅನ್ನೋದು ತುಂಬಾ ಜನಕ್ಕೆ ಗೊತ್ತೇ ಇಲ್ಲ. ಕೊಲಂಬೊ ಪ್ಲಾನ್ ಅಂತ ಹಲವು ದೇಶಗಳು ಸೇರಿ ಮಾಡ್ಕೊಂಡಿರೋ ಒಂದು ಸಂಘಟನೆ ಇದೆ, 1951ರಲ್ಲಿ ಅದನ್ನ ಶುರು ಮಾಡಿದ ದೇಶಗಳಲ್ಲಿ ನಮ್ದೂ ಒಂದು, 1973ರಿಂದ ಡ್ರಗ್ಸ್ ವಿಷಯಕ್ಕೇ ಅಂತ ಅದರಲ್ಲಿ ಬೇರೆ ವಿಭಾಗ ಇದೆ, ಇವತ್ತು ಎಷ್ಟೋ ದೇಶಗಳಲ್ಲಿ ಈ ಕೆಲಸ ಮಾಡೋರಿಗೆ ತರಬೇತಿ ಕೊಡೋ ಪಠ್ಯಕ್ರಮ ಅಮೆರಿಕದ ವಿದೇಶಾಂಗ ಇಲಾಖೆ ದುಡ್ಡಲ್ಲೇ ತಯಾರಾಗಿದ್ದು.

ನಮ್ಮ ದೇಶದ ಸಣ್ಣ ಸಂಸ್ಥೆಗಳಿಗಂತೂ ಹೊಡೆತ ಬಿದ್ದಿದ್ದು ಅದಕ್ಕೂ ಮುಂಚೆನೇ. ಹೊರದೇಶದ ದೇಣಿಗೆ ಮೇಲೆ ಹಿಡಿತ ಇಡೋ ಎಫ್‌ಸಿಆರ್‌ಎ ಕಾನೂನಿಗೆ 2020ರಲ್ಲಿ ತಿದ್ದುಪಡಿ ಬಂದ್ಮೇಲೆ ದೊಡ್ಡ ಎನ್‌ಜಿಒ ತನಗೆ ಬಂದ ಫಾರಿನ್ ದುಡ್ಡನ್ನ ತಾಲೂಕಲ್ಲಿರೋ ಚಿಕ್ಕ ಎನ್‌ಜಿಒಗೆ ಹಂಚೋ ಹಾಗಿಲ್ಲ, ಆ ದುಡ್ಡಲ್ಲಿ ಆಡಳಿತಕ್ಕೆ ಖರ್ಚು ಮಾಡೋ ಮಿತಿ ಬೇರೆ 50 ಪರ್ಸೆಂಟಿಂದ 20ಕ್ಕೆ ಇಳೀತು. ಲೆಕ್ಕ ಕೇಳೋದು ತಪ್ಪು ಅಂತ ನಾನು ಹೇಳ್ತಿಲ್ಲ.

ಆದ್ರೆ ನನಗೆ ಅದಕ್ಕಿಂತ ಬೇಜಾರು ನಮ್ಮ ಸ್ವಂತ ದುಡ್ಡಲ್ಲಿ ನಾವು ಏನು ಮಾಡ್ತಿದೀವಿ ಅನ್ನೋದು. ಡ್ರಗ್ಸ್ ವಿರೋಧಿ ದಿನ ಜೂನ್ 26 ಬಂತು ಅಂದ್ರೆ ಮಕ್ಕಳನ್ನ ಬಿಸಿಲಲ್ಲಿ ನಿಲ್ಸಿ ಜಾಥಾ, ಪ್ರತಿಜ್ಞಾ ವಿಧಿ, ಅತಿಥಿಗಳ ಫೋಟೋ ಇರೋ ಫ್ಲೆಕ್ಸು, ಒಂದು ಗಂಟೆ ಭಾಷಣ, ಕೊನೆಗೆ ಚಟ ಬಿಟ್ಟವರನ್ನ ಕರೆಸಿ ಅವರ ಕಥೆ ಹೇಳ್ಸೋದು, ಮುಗೀತು, ಮತ್ತೆ ಮುಂದಿನ ಜೂನ್‌ಗೆ. ವಿಶ್ವಸಂಸ್ಥೆಯ ಡ್ರಗ್ಸ್ ವಿಭಾಗ ಪ್ರಪಂಚದಲ್ಲಿ ಆಗಿರೋ ಅಧ್ಯಯನಗಳನ್ನೆಲ್ಲಾ ಜಾಲಾಡಿ ಡ್ರಗ್ಸ್ ತಡೆಯೋ ಕೆಲಸ ಹೇಗಿರಬೇಕು ಅಂತ 2013ರಲ್ಲಿ ಒಂದು ಮಾನದಂಡ ತಂತು, 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ (ಡಬ್ಲ್ಯುಎಚ್‌ಒ) ಜೊತೆ ಸೇರಿ ಎರಡನೇ ಆವೃತ್ತಿ, ಅದರಲ್ಲಿ ಬರೀ ಭಾಷಣ, ಹೆದರಿಸೋದು, ಚಟ ಬಿಟ್ಟವರ ಸಾಕ್ಷಿ ಇವುಗಳಿಂದ ಉಪಯೋಗ ಇಲ್ಲ ಅಂತಲೇ ಇದೆ. ಅಮೆರಿಕದವರೂ ಇದರಲ್ಲಿ ಕೈ ಸುಟ್ಕೊಂಡವರೇ, 1983ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಪೊಲೀಸರನ್ನ ಕ್ಲಾಸಿಗೆ ಕಳ್ಸಿ ಡೇರ್ ಅನ್ನೋ ಕಾರ್ಯಕ್ರಮ ಮಾಡಿದ್ರು, ವರ್ಷಗಟ್ಟಲೆ ನಡೀತು, ಆಮೇಲೆ ಪರೀಕ್ಷೆ ಮಾಡಿ ನೋಡಿದ್ರೆ ಅದನ್ನ ಕೇಳಿದ ಮಕ್ಕಳಿಗೂ ಕೇಳದ ಮಕ್ಕಳಿಗೂ ಹೇಳ್ಕೊಳ್ಳೋ ವ್ಯತ್ಯಾಸನೇ ಇರ್ಲಿಲ್ಲ.

ದೇಶದಲ್ಲಿ ಯಾರು ಯಾವ ನಶೆ ಮಾಡ್ತಾರೆ ಅಂತ ದೆಹಲಿಯ ಏಮ್ಸ್ ಆಸ್ಪತ್ರೆಯವರು ಮಾಡಿದ 2019ರ ಸರ್ವೆ ಒಂದ್ಸಲ ನೋಡಿ. ಮೂಗಿಂದ ಎಳೆಯೋ ವೈಟ್ನರ್, ಸೊಲ್ಯೂಷನ್ ಥರದ ನಶೆ ದೊಡ್ಡವರಲ್ಲಿ 0.58 ಪರ್ಸೆಂಟ್, 10ರಿಂದ 17 ವರ್ಷದ ಮಕ್ಕಳಲ್ಲಿ 1.17. ದೊಡ್ಡವರಿಗಿಂತ ಮಕ್ಕಳೇ ಜಾಸ್ತಿ ಇರೋ ನಶೆ ಇದೊಂದೇ. ಸ್ಟೇಷನರಿ ಅಂಗಡಿಲಿ ಸಿಗೋ ವಸ್ತು ಇದು, ಎಂಡಿಎಂಎ ಥರದ ಪಾರ್ಟಿ ಡ್ರಗ್ಸ್ ಚಿತ್ರ ಹಾಕಿರೋ ಬ್ಯಾನರ್ ಹಿಡ್ಕೊಂಡು ಹೋದ್ರೆ ಈ ಹುಡುಗ್ರಿಗೆ ಏನು ತಟ್ಟುತ್ತೆ ಹೇಳಿ?

ದಾರಿ ತೋರ್ಸೋರು ಇಲ್ಲ ಅಂತೇನಿಲ್ಲ. ನಮ್ಮ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನವರೇ ಹೈಸ್ಕೂಲ್ ಮಕ್ಕಳಿಗೆ ಜೀವನ ಕೌಶಲ ಪಾಠ ಮಾಡಿಟ್ಟಿದಾರೆ, ಸ್ನೇಹಿತರು ಒತ್ತಾಯ ಮಾಡ್ದಾಗ ಹೇಗೆ ಬೇಡ ಅನ್ನೋದು, ಸಿಟ್ಟು ಬಂದ್ರೆ ಏನು ಮಾಡೋದು, ಇಂಥದನ್ನ ಟೀಚರೇ ಆಟ, ಚರ್ಚೆ ಮಾಡ್ಸಿ ಕಲಿಸೋದು. ಯುವಸ್ಪಂದನ ಅಂತ ಯುವಕರಿಗೆ ಸಲಹೆ, ಮಾರ್ಗದರ್ಶನ ಕೊಡೋಕೆ ರಾಜ್ಯ ಸರ್ಕಾರದ ದುಡ್ಡಲ್ಲೇ ನಡೆಯೋ ಕಾರ್ಯಕ್ರಮನೂ ಇದೆ. ಇದಕ್ಕೆ ಡಾಲರ್ ಬೇಕಿಲ್ಲ, ಟೈಮ್‌ಟೇಬಲ್‌ನಲ್ಲಿ ವಾರಕ್ಕೊಂದು ಪೀರಿಯಡ್ಡು, ಟೀಚರ್‌ಗಳಿಗೆ ಸರಿಯಾದ ತರಬೇತಿ ಬೇಕು ಅಷ್ಟೇ. ಜನಗಣತಿ, ಎಲೆಕ್ಷನ್ ಡ್ಯೂಟಿ ಮಧ್ಯೆ ಅದು ಎಲ್ಲಿಂದ ತರೋಣ ಅನ್ನೋದು ಬೇರೆ ವಿಷಯ ಬಿಡಿ.

ನಿಮ್ಮ ವರದಿಗಾರರಿಗೆ ಒಂದು ವಿನಂತಿ. ಈ ಸಲ ಜಾಥಾ ಫೋಟೋ ಹಾಕೋ ಮುಂಚೆ, ಜಿಲ್ಲೆಲಿ ಇದಕ್ಕೆ ಅಂತ ಎಷ್ಟು ದುಡ್ಡು ಬಂತು, ಅದರಲ್ಲಿ ಫ್ಲೆಕ್ಸಿಗೆ ಎಷ್ಟು, ಟೀಚರ್ ತರಬೇತಿಗೆ ಎಷ್ಟು ಹೋಯ್ತು ಅಂತ ಅಧಿಕಾರಿಗಳನ್ನ ಕೇಳಿ ಅದನ್ನೂ ಪಕ್ಕದಲ್ಲೇ ಪ್ರಿಂಟ್ ಮಾಡಿ.

ಇತಿ,
ಒಬ್ಬ ಹೈಸ್ಕೂಲ್ ಮೇಷ್ಟ್ರು, ದಾವಣಗೆರೆ