ದನಿ ಇಳಿದಿದೆ, ಸಿಟ್ಟಲ್ಲ ಮಾರಾಯ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ಎರಡು ಸಲ ಕೇಳಿದೆ, "ಎಂತ ದನಿಯೇ ಇಲ್ಲ, ನನ್ನ ಮೇಲೆ ಸಿಟ್ಟಾ?" ಅಂತ. ಸಿಟ್ಟಲ್ಲ ಮಾರಾಯ. ನನ್ನ ಕಿವಿಗೆ ನಾನು ಗಟ್ಟಿಯಾಗಿಯೇ ಮಾತಾಡುತ್ತಿದ್ದೆ. ಪಾರ್ಕಿನ್ಸನ್ ಕಾಯಿಲೆ ಇರುವ ನನ್ನಂಥ ತುಂಬಾ ಜನರಿಗೆ ಹೀಗೆ. ದನಿ ಇಳಿದದ್ದು ಎದುರಿನವರಿಗೆ ಗೊತ್ತಾಗುತ್ತದೆ, ನಮಗೆ ಗೊತ್ತಾಗುವುದಿಲ್ಲ. ಫೋನಿನಲ್ಲಿ ಹೇಳಲಾಗದ್ದನ್ನು ಬರೆಯುತ್ತಿದ್ದೇನೆ. ಬೇರೆಯವರೂ ಓದಲಿ ಅಂತ ಇಲ್ಲಿ ಹಾಕಿದ್ದೇನೆ. "ವಯಸ್ಸಾಯ್ತಲ್ವಾ, ಕೈ ನಡುಗುತ್ತದೆ" ಅಂತ ಸುಮ್ಮನಾಗುವವರು ನಮ್ಮ ಕಡೆ ಜಾಸ್ತಿ.

ನಾನೂ ಹಾಗೆಯೇ ಇದ್ದೆ. ಎರಡು ವರ್ಷ ಭುಜನೋವು ಅಂತ ಎಣ್ಣೆ ತಿಕ್ಕಿಸಿಕೊಂಡೆ. ಕೊನೆಗೆ ಒಂದು ಚೆಕ್ಕು ವಾಪಸ್ ಬಂತು, ಸಹಿ ಹೊಂದುವುದಿಲ್ಲವಂತೆ. ಮನೆಗೆ ಬಂದು ನನ್ನ ಭಜನೆ ಪುಸ್ತಕ ಬಿಡಿಸಿ ನೋಡಿದೆ. ಹಳೆಯ ಪುಟಗಳಲ್ಲಿ ಕಡಲೆಕಾಳಿನಷ್ಟಿದ್ದ ಅಕ್ಷರ ಈಚಿನ ಪುಟಗಳಲ್ಲಿ ಸಾಸಿವೆಯಷ್ಟಾಗಿತ್ತು. ಒಂದೇ ಸಾಲು ಶುರುವಾಗುವಾಗ ದೊಡ್ಡದು, ಮುಗಿಯುವಾಗ ಇರುವೆ ಸಾಲು. ಅದೂ ಈ ಕಾಯಿಲೆಯ ಗುರುತೇ ಅಂತ ಆಮೇಲೆ ತಿಳಿಯಿತು.

ಕೈಕಾಲು ಸರಾಗವಾಗಿ ಆಡಲು ಮೆದುಳಿಗೆ ಡೋಪಮೀನ್ ಅನ್ನುವ ರಾಸಾಯನಿಕ ಬೇಕು, ಅದನ್ನು ತಯಾರಿಸುವ ಜೀವಕೋಶಗಳು ಈ ಕಾಯಿಲೆಯಲ್ಲಿ ಸಾಯುತ್ತಾ ಬರುತ್ತವೆ. ನಾವು ಯೋಚನೆ ಮಾಡದೆ ನಡೆಯುತ್ತೇವಲ್ಲ, ಆ ಒಳಗಿನ ತಾಳ ತಪ್ಪುತ್ತದೆ. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಇದರ ಬಗ್ಗೆ ಬರೆದದ್ದು ಬರೀ ಆರು ಜನರನ್ನು ಕಂಡು. ಅವರಲ್ಲಿ ಕೆಲವರನ್ನು ಬೀದಿಯಲ್ಲೇ ನೋಡಿದ್ದು. ನಡಿಗೆಯೇ ಅಷ್ಟು ಹೇಳಿಬಿಡುತ್ತದೆ. ನನ್ನ ಮಾತ್ರೆಯಲ್ಲಿರುವುದು ಲೆವೊಡೋಪ, ಮೆದುಳಿಗೆ ಹೋಗಿ ಡೋಪಮೀನ್ ಆಗುವ ಮದ್ದು. ತುರಿಕೆಗೆ ಹೆದರಿ ನಾವು ದೂರ ನಿಲ್ಲುತ್ತಿದ್ದ ನಸುಗುನ್ನಿ ಬಳ್ಳಿ ನೆನಪಿದೆಯಾ? ಅದರ ಬೀಜದಲ್ಲೂ ಇರುವುದು ಇದೇ. ಹಾಗಂತ ಬೀಜ ಪುಡಿ ಮಾಡಿ ತಿನ್ನಲು ಯಾರೂ ಹೊರಡಬಾರದು, ಮದ್ದಿನ ಅಳತೆ ಡಾಕ್ಟರೇ ಹೇಳಬೇಕು.

ಒಂದು ಶನಿವಾರ ಭಜನಾ ಮಂದಿರದ ಹೊಸ್ತಿಲಲ್ಲಿ ನಿಂತುಬಿಟ್ಟೆ. ಕಾಲು ನೆಲಕ್ಕೆ ಅಂಟಿದ ಹಾಗೆ. ಇಕ್ಕಟ್ಟಾದ ಬಾಗಿಲಲ್ಲಿ ಹೀಗಾಗುವುದು ಹೆಚ್ಚು. ಹಿಂದಿನವರು "ಹೋಗಿ, ಹೋಗಿ" ಅಂದಷ್ಟೂ ಕಾಲು ಬಿಗಿಯಿತು. ಅಷ್ಟರಲ್ಲಿ ಒಳಗೆ ತಬಲದವರು ಶ್ರುತಿ ನೋಡಲಿಕ್ಕೆ ಅಂತ ಸುಮ್ನೆ ನಾಲ್ಕು ಪೆಟ್ಟು ಹಾಕಿದರು. ತಕಧಿಮಿ. ತಕಧಿಮಿ. ಎರಡನೆಯ 'ತ'ಕ್ಕೆ ನನ್ನ ಬಲಗಾಲು ಎದ್ದಿತು ಗೆಳೆಯಾ! ಹೊಸ್ತಿಲು ದಾಟಿದೆ. ಕಣ್ಣಲ್ಲಿ ನೀರು ಬಂತು. ಶಾಲೆಯ ಯಕ್ಷಗಾನದಲ್ಲಿ ನಾವಿಬ್ಬರೂ ಬಾಲಗೋಪಾಲ ವೇಷ ಹಾಕಿ ಕುಣಿದೆವಲ್ಲ, ಅವತ್ತಿನ ಕಾಲು ಅದು.

ಹೊರಗಿನಿಂದ ತಾಳ ಬಂದರೆ ಕಾಲು ಅದನ್ನು ಹಿಡಿದುಕೊಳ್ಳುತ್ತದೆ. ಫಿಸಿಯೋಥೆರಪಿಯವರೂ ಇದಕ್ಕೆ ಮೆಟ್ರೊನೋಮ್, ಅಂದರೆ ಒಂದೇ ಲಯದಲ್ಲಿ ಟಿಕ್ ಟಿಕ್ ಅನ್ನುವ ಯಂತ್ರ, ಬಳಸುತ್ತಾರೆ. ನನಗೆ ನಮ್ಮ ತಕಧಿಮಿಯೇ ಸಾಕು. ಕಟಪಾಡಿ ಪೇಟೆಯಲ್ಲಿ ರಸ್ತೆ ದಾಟುವಾಗಲೂ ಬಾಯಲ್ಲಿ ಅದೇ.

ಹಾರ್ಮೋನಿಯಂ ಮಾತ್ರ ಕೈ ಬಿಡುತ್ತಿದೆ. ಸುಮ್ಮನೆ ಮಡಿಲಲ್ಲಿಟ್ಟಾಗ ನಡುಗುವ ಬಲಗೈ ಅದರ ಕೀಗಳ ಮೇಲೆ ಇಟ್ಟರೆ ಸುಮ್ಮನಾಗುತ್ತದೆ, ಆದರೆ ಬೆರಳು ಓಡುವುದಿಲ್ಲ. ಈಗ ನಾನು ಬರೀ ಶ್ರುತಿ ಹಿಡಿಯುತ್ತೇನೆ. ಇದರ ಸಂಕಟವನ್ನು ನಿನ್ನ ಹತ್ತಿರ ಅಲ್ಲದೆ ಯಾರ ಹತ್ತಿರ ಹೇಳಲಿ? ಹಾಡುವುದನ್ನು ಬಿಟ್ಟಿಲ್ಲ. ಬೆಳಿಗ್ಗೆ ಜಗಲಿಯಲ್ಲಿ ಕೂತು, ತೋಡಿನ ಆಚೆಗೆ ಕೇಳಬೇಕು ಅಂತ ಗಂಟಲು ಬಿಟ್ಟು ಹಾಡುತ್ತೇನೆ. ಹಾಡಿದ ದಿನ ಮಾತೂ ಸ್ವಲ್ಪ ಗಟ್ಟಿ ಬರುತ್ತದೆ.

ಎಲ್ಲಕ್ಕಿಂತ ಕಷ್ಟವಾದದ್ದು ಮುಖ. ಮುಖದ ಸ್ನಾಯುಗಳೂ ಬಿಗಿಯುತ್ತವೆ. ನಾನು ಒಳಗೆ ನಗುತ್ತಿರುತ್ತೇನೆ, ಹೊರಗೆ ಗೋಡೆ. ಮೊಮ್ಮಗಳು ತಾನು ಬರೆದ ಚಿತ್ರ ತಂದು ತೋರಿಸಿ, ನನ್ನ ಮುಖವನ್ನೇ ನೋಡಿ, "ಅಜ್ಜಾ, ನಿಮಗೆ ಕೋಪವಾ?" ಅಂದಳು. ಆ ರಾತ್ರಿ ನಿದ್ದೆ ಬರಲಿಲ್ಲ. ಅವಳ ಎರಡು ಗೆರೆಯ ಕಾಪಿ ಪುಸ್ತಕ ತೆಗೆದುಕೊಂಡೆ. ಗೆರೆ ಇದ್ದರೆ ಅಕ್ಷರ ಅಷ್ಟು ಬೇಗ ಕುಗ್ಗುವುದಿಲ್ಲ. ನಮ್ಮ ಮೇಷ್ಟ್ರು ಕಲಿಸಿದ ಭಾಮಿನಿ ಷಟ್ಪದಿಯ ಮೂರು-ನಾಲ್ಕರ ಲೆಕ್ಕ ಎಡಗೈಯಲ್ಲಿ ತಟ್ಟುತ್ತಾ, ತಕಿಟ ತಕಧಿಮಿ ಅಂತ ಬರೆದೆ. ಪ್ರಾಸ ಹುಡುಕುತ್ತಾ ಕೂರಲಿಲ್ಲ.

ಕಂದ, ನಗುವಿದೆ ಮನೆಯ ಒಳಗೇ
ಮುಖದ ಬಾಗಿಲು ಬಿಗಿದು ಹೋಗಿದೆ
ಕೈಯ ಹಿಡಿದುಕೊ, ತಾಳ ಹಾಕುವೆ, ನಗುವು ಬೆರಳಲಿದೆ

ಬೆಳಿಗ್ಗೆ ಅವಳಿಗೆ ಓದಿ ಹೇಳಿದೆ. ಅವಳು ಏನೂ ಹೇಳಲಿಲ್ಲ. ನನ್ನ ನಡುಗುವ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಕೂತಳು. ಈಗ ಚಿತ್ರ ತಂದಾಗ ಮುಖ ನೋಡುವುದಿಲ್ಲ, ಕೈ ಚಾಚುತ್ತಾಳೆ. ಚಂದ ಇದ್ದರೆ ನಾನು ತಕಿಟ ತಕಧಿಮಿ ತಟ್ಟಬೇಕು.

ಷಟ್ಪದಿಗೆ ಇನ್ನೂ ಮೂರು ಸಾಲು ಬಾಕಿ ಇದೆ. ಬರುವ ಭಾನುವಾರ ಹನ್ನೊಂದು ಗಂಟೆಗೆ ಫೋನ್ ಮಾಡು. ಮದ್ದು ಹಿಡಿದಿರುತ್ತದೆ, ಆಗ ನಾನು ಚೆನ್ನಾಗಿರುತ್ತೇನೆ. ನೀನು ಆ ಕಡೆಯಿಂದ ತಾಳ ಹಾಕು, ಉಳಿದದ್ದನ್ನು ಇಬ್ಬರೂ ಸೇರಿ ಕಟ್ಟುವ.

ನಿನ್ನ
ಕಟಪಾಡಿಯ ಗೆಳೆಯ