ಮೊದಲೇ ಹೇಳಿದವರಿಗೆಲ್ಲ

ಇವರು ಹೋಗಿ ಇವತ್ತಿಗೆ 41 ದಿನ. ಫೋನ್ ಮಾಡಿದವರು, ಮೆಸೇಜ್ ಹಾಕಿದವರು, ಬಂದು ಏನೂ ಮಾತಾಡದೆ ಸುಮ್ನೆ ಹತ್ತು ನಿಮಿಷ ಕೂತು ಹೋದವರು, ಯಾರಿಗೂ ನಾನು ಸರಿಯಾಗಿ ಉತ್ತರ ಕೊಟ್ಟಿಲ್ಲ. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯೋಣ ಅಂತ ಕೂತರೆ ಮೂರನೇ ಸಾಲಿಗೇ ಕೈ ನಿಂತುಹೋಗುತ್ತದೆ. ಅದಕ್ಕೇ ಎಲ್ಲರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಈಗಲೇ ಹೇಳಿಬಿಡುತ್ತೇನೆ.

ಇವರಿಗೆ ಇದ್ದದ್ದು ಮೋಟಾರ್ ನ್ಯೂರಾನ್ ಕಾಯಿಲೆ. ಎಎಲ್‌ಎಸ್ ಅಂತ ಕೇಳಿರುತ್ತೀರಿ, ಅದೇ. ಸ್ನಾಯುಗಳನ್ನು ಆಡಿಸುವ ನರಕೋಶಗಳು ಒಂದೊಂದಾಗಿ ಸಾಯುತ್ತಾ ಹೋಗುತ್ತವೆ. ಕೈ, ಕಾಲು, ನಾಲಿಗೆ, ಗಂಟಲು, ಕೊನೆಗೆ ಉಸಿರಾಡುವ ಸ್ನಾಯು. ನಮ್ಮ ಮನೆಯಲ್ಲಿ ಅದು ಶುರುವಾಗಿದ್ದು ಅಂಗಿಯ ಗುಂಡಿಯಿಂದ. ಒಂದು ಬೆಳಗ್ಗೆ ಎಡಗೈಯ ಹೆಬ್ಬೆರಳು ಮಾತು ಕೇಳಲಿಲ್ಲ, "ಈ ಗುಂಡಿ ಸ್ವಲ್ಪ ಹಾಕೇ" ಅಂದರು. ನಾನು ಹಾಕಿದೆ, ಹಾಕುತ್ತಾ ರೇಗಿಸಿದೆ ಕೂಡ. ಆಮೇಲೆ ತೋಳಿನ ಚರ್ಮದ ಕೆಳಗೆ ಏನೋ ಹರಿದಾಡಿದ ಹಾಗೆ ಅದುರೋದು ಶುರುವಾಯಿತು. ಕತ್ತಿನ ಮೂಳೆ ಸವೆದಿದೆ ಅಂತ ಏಳು ತಿಂಗಳು ವ್ಯಾಯಾಮ ಮಾಡಿಸಿದರು. ಸ್ನಾಯುಗಳಿಗೆ ಸೂಜಿ ಚುಚ್ಚಿ ನೋಡುವ ಇಎಂಜಿ ಪರೀಕ್ಷೆ ಆದ ಮೇಲೆ ಗೊತ್ತಾಯಿತು. ಅಲ್ಲಿಂದ ಮೂರು ವರ್ಷ, ಎರಡು ತಿಂಗಳು.

ಕಾಯಿಲೆಯ ಹೆಸರು ಹೇಳಿದ ಡಾಕ್ಟರು ನಿಂತುಕೊಂಡೇ ಹೇಳಿದರು. "ಇದಕ್ಕೆ ಔಷಧಿ ಇಲ್ಲ, ಮಾಡೋಕೆ ಏನೂ ಇಲ್ಲ." ಒಂದು ಕೈ ಬಾಗಿಲ ಹಿಡಿಯ ಮೇಲೇ ಇತ್ತು. ಅವರ ಹೆಸರು ಬರೆಯಲ್ಲ, ಕೋಪವೂ ಈಗ ಇಲ್ಲ. ವಾಸಿಯಾಗಲ್ಲ ಅನ್ನುವುದು ನಿಜವೇ. ರಿಲುಜೋಲ್ ಅಂತ ಮಾತ್ರೆ ಇದೆ, ಅದು ಕೊಡುವುದು ಕೆಲವೇ ತಿಂಗಳು ಹೆಚ್ಚಿಗೆ. ಆದರೆ ಮಾಡೋಕೆ ಏನೂ ಇಲ್ಲ ಅನ್ನೋದು ಮಾತ್ರ ಸುಳ್ಳು. ಮಾಡೋಕೆ ಎಷ್ಟಿತ್ತು ಅಂದರೆ, ಮೂರು ವರ್ಷ ನಾನು ಕೂತು ಒಂದು ಪೇಪರ್ ಪೂರ್ತಿ ಓದಿದ ನೆನಪಿಲ್ಲ.

ಆಗ ಎಲ್ಲರೂ ಹೇಳುತ್ತಿದ್ದ ಹೆಸರು ಇದೇ ಕಾಯಿಲೆಯಿದ್ದ ಫಿಸಿಕ್ಸ್ ವಿಜ್ಞಾನಿ ಸ್ಟೀಫನ್ ಹಾಕಿಂಗ್. 1963ರಲ್ಲಿ, 21ನೇ ವಯಸ್ಸಿಗೆ ಕಾಯಿಲೆ ಗೊತ್ತಾಗಿ 2018ರವರೆಗೆ ಬದುಕಿದರಲ್ಲ, ನಿಮ್ಮವರೂ ಬದುಕುತ್ತಾರೆ ಬಿಡಿ ಅಂತ. ಪಾಪ, ಒಳ್ಳೆ ಮನಸ್ಸಿನಿಂದಲೇ ಹೇಳುತ್ತಿದ್ದರು. ಹಾಗೆ 55 ವರ್ಷ ಬದುಕುವುದು ತೀರಾ ಅಪರೂಪ, ಹೆಚ್ಚಿನವರಿಗೆ ಸಿಗುವುದು ಎರಡರಿಂದ ಐದು ವರ್ಷ. ಏಳನೆಯವರೋ ಎಂಟನೆಯವರೋ ಹಾಕಿಂಗ್ ಕಥೆ ಹೇಳಿ ಹೋದ ಮೇಲೆ ಇವರು, ಆಗಿನ್ನೂ ತೊದಲುತ್ತಾ ಮಾತು ಬರುತ್ತಿತ್ತು, "ಅವರಷ್ಟು ಫಿಸಿಕ್ಸ್ ನನಗೆ ಬರಲ್ಲ ಅಂತ ಇವರಿಗೆ ಯಾರಾದರೂ ಹೇಳ್ರಪ್ಪ" ಅಂದರು.

ಎರಡನೇ ವರ್ಷ ಮನೆಗೆ ಬರುವ ಪ್ಯಾಲಿಯೇಟಿವ್ ತಂಡ, ಅಂದರೆ ವಾಸಿಯಾಗದ ಕಾಯಿಲೆಯಲ್ಲಿ ನೋವು, ಕಷ್ಟ ಕಡಿಮೆ ಮಾಡುವವರು, ಸಿಕ್ಕಿತು. ಒಬ್ಬರು ಡಾಕ್ಟರು, ಇಬ್ಬರು ಸಿಸ್ಟರ್, ವಾರಕ್ಕೊಮ್ಮೆ ಒಬ್ಬರು ಫಿಸಿಯೋಥೆರಪಿಸ್ಟ್. ಇಂಥ ಆರೈಕೆಗೆ ಹಾಸ್ಪಿಸ್ ಅಂತಲೂ ಅನ್ನುತ್ತಾರೆ, ನನಗೆ ಆಗ ಹಾಸ್ಪಿಸ್ ಅಂದರೆ ಸಾಯುವವರನ್ನು ಬಿಟ್ಟುಬರುವ ಜಾಗ ಅಂತಲೇ ತಲೆಯಲ್ಲಿತ್ತು. ಬಾಗಿಲಲ್ಲೇ ಡಾಕ್ಟರ್ ಮೇಡಂಗೆ ಅದನ್ನು ಹೇಳಿಯೂಬಿಟ್ಟೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಒಳಗೆ ಬಂದು, ಇವರ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು, ನನ್ನ ಕಡೆ ನೋಡದೆ ಇವರನ್ನೇ ಕೇಳಿದರು: "ನಿಮಗೆ ಈಗ ಎಲ್ಲಕ್ಕಿಂತ ಜಾಸ್ತಿ ಕಾಟ ಕೊಡ್ತಿರೋದು ಯಾವುದು?" ಅಲ್ಲಿಯವರೆಗೆ ಯಾರೂ ಇವರನ್ನು ಹಾಗೆ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಇವರು ಹೇಳಿದ್ದು ಜೊಲ್ಲು. ನುಂಗೋಕೆ ಆಗದೆ ಬಾಯಿಂದ ಸುರಿಯುವ ಜೊಲ್ಲು, ಮಗಳ ಮುಂದೆ ನಾಚಿಕೆಯಾಗುತ್ತದೆ ಅಂತ. ನಾನು ಏನೇನೋ ದೊಡ್ಡದು ಅಂದುಕೊಂಡಿದ್ದೆ. ನಾಲಿಗೆ ಕೆಳಗೆ ಹಾಕುವ ಹನಿ ಮದ್ದು ಬರೆದರು, ವಾರದಲ್ಲಿ ಅರ್ಧಕ್ಕರ್ಧ ಕಡಿಮೆಯಾಯಿತು.

ಈ ಥರದ ಆರೈಕೆ ಎಲ್ಲಿಂದ ಶುರುವಾಯಿತು ಅಂತ ಒಂದು ದಿನ ಮೇಡಂ ಅವರೇ ಹೇಳಿದರು. ಸಿಸಿಲಿ ಸಾಂಡರ್ಸ್ ಅಂತ, ಮೊದಲು ನರ್ಸ್ ಆಗಿದ್ದವರು ಆಮೇಲೆ ಓದಿ ಡಾಕ್ಟರ್ ಆಗಿ, 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದರಂತೆ. ಎರಡು ವರ್ಷಕ್ಕೆ, 1969ರಲ್ಲಿ, ಅಲ್ಲಿಂದ ರೋಗಿಗಳ ಮನೆಗೇ ಹೋಗೋದು ಶುರು ಮಾಡಿದರಂತೆ. ನೋವು ಅಂದರೆ ಮೈಯದ್ದು ಮಾತ್ರ ಅಲ್ಲ, ಮನಸ್ಸಿನದ್ದು, ದುಡ್ಡಿನದ್ದು, ಮನೆಯವರದ್ದು ಎಲ್ಲ ಸೇರಿ ಒಂದೇ ನೋವು ಅಂತ ಹೇಳಿದ್ದೂ ಸಾಂಡರ್ಸ್ ಅವರೇ. ನಾಚಿಕೆಯೂ ಅದರಲ್ಲಿ ಬರುತ್ತದೆ ಅಂತ ನನಗೆ ಆಗ ಅರ್ಥವಾಯಿತು.

ಈ ತಂಡಕ್ಕೆ ನಾನು ಥ್ಯಾಂಕ್ಸ್ ಹೇಳೋದು ಮುಖ್ಯವಾಗಿ ಒಂದೇ ವಿಷಯಕ್ಕೆ. ಮುಂದೆ ಏನಾಗುತ್ತದೆ ಅಂತ ಅವರು ಮೊದಲೇ ಹೇಳುತ್ತಿದ್ದರು. ಉಸಿರಿನ ಶಕ್ತಿ ಜಾಸ್ತಿ ಕಡಿಮೆಯಾಗುವ ಮುಂಚೆಯೇ ಊಟ ಕೊಡೋಕೆ ಹೊಟ್ಟೆಗೆ ಟ್ಯೂಬ್ ಹಾಕಿಸಿ, ತಡ ಮಾಡಿದರೆ ಹಾಕೋದೇ ಅಪಾಯ ಅಂದರು. ಹಾಕಿಸಿದೆವು. ಬೆಳಗ್ಗೆ ತಲೆನೋವು ಅಂದರೆ, ರಾತ್ರಿಯೆಲ್ಲ ಕೆಟ್ಟ ಕನಸು ಅಂದರೆ ಹೇಳಿ, ಅದು ರಾತ್ರಿ ಉಸಿರು ಸಾಲುತ್ತಿಲ್ಲ ಅನ್ನೋದರ ಗುರುತು ಅಂದರು. ಎರಡೂ ಬಂತು, ಉಸಿರಿಗೆ ಗಾಳಿ ಒತ್ತಿ ಕೊಡುವ ಬೈಪ್ಯಾಪ್ ಯಂತ್ರದ ಮಾಸ್ಕ್ ಬಂತು. ಒಂದು ದಿನ ಕಾರಣವೇ ಇಲ್ಲದೆ ಬಿಕ್ಕಿ ಬಿಕ್ಕಿ ಅಳಬಹುದು, ಇಲ್ಲಾ ನಗು ನಿಲ್ಲದೇ ಹೋಗಬಹುದು, ಅದು ಕಾಯಿಲೆಯ ಕೆಲಸ, ಅವರ ಮನಸ್ಸಿನದ್ದಲ್ಲ ಅಂತಲೂ ಅಂದಿದ್ದರು. ಅದು ಗೊತ್ತಿಲ್ಲದೇ ಹೋಗಿದ್ದರೆ, ನನ್ನ ತಮ್ಮ ಅಪಘಾತದ ಸುದ್ದಿ ಹೇಳುವಾಗ ಇವರು ಗೊಳ್ಳೆಂದು ನಕ್ಕ ಆ ಸಂಜೆ ನಾನು ಏನಾಗಿಬಿಡುತ್ತಿದ್ದೆನೋ.

ಮಾರ್ಫಿನ್, ಅಂದರೆ ಜೋರು ನೋವಿಗೆ ಕೊಡುವ ಔಷಧಿ, ಅದರ ವಿಷಯ ಹೇಳಲೇಬೇಕು. ಏದುಸಿರು ಜಾಸ್ತಿಯಾದಾಗ ಬಾಯಿಗೆ, ಇವರಿಗಾದರೆ ಟ್ಯೂಬಿಗೆ, ಹಾಕುವ ದ್ರವ ಬಂತು. ಒಂದು ಸಲಕ್ಕೆ 2.5 ಮಿಲಿಗ್ರಾಂ. ಜೊತೆಗೇ ಮಲಬದ್ಧತೆಗೆ ಔಷಧಿ, ಅದೇ ದಿನದಿಂದ, ಮರೆಯಬೇಡಿ ಅಂತ ಸಿಸ್ಟರ್ ಎರಡು ಸಲ ಅಂಡರ್‌ಲೈನ್ ಮಾಡಿದ್ದರು. ಮೊದಲ ರಾತ್ರಿ ಸಿರಿಂಜ್ ಹಿಡಿದ ನನ್ನ ಕೈ ನಡುಗಿತು. ಕೊಟ್ಟೆ. ಅರ್ಧ ಗಂಟೆಯಲ್ಲಿ ಇವರ ಹುಬ್ಬಿನ ಗಂಟು ಬಿಚ್ಚಿಕೊಂಡಿತು, ನಾನು ಅದನ್ನೇ ನೋಡುತ್ತಾ ಕೂತಿದ್ದೆ. ಆಮೇಲೆ ನೆಂಟರೊಬ್ಬರು ಬಂದು "ಮಾರ್ಫಿನ್ ಕೊಟ್ಟು ಮುಗಿಸ್ತಾ ಇದೀಯಾ" ಅಂದುಬಿಟ್ಟರು. ಆ ಮಾತು ನನ್ನೊಳಗೆ ಎಷ್ಟು ದಿನ ಇತ್ತು ಅಂದರೆ, ಎರಡು ರಾತ್ರಿ ಡೋಸ್ ಕೊಡದೆ ಬಿಟ್ಟೆ. ಇವರು ಉಸಿರಿಗೆ ಒದ್ದಾಡಿದರು. ಯಾರದೋ ಮಾತಿಗೆ ಹೆದರಿ ಇವರಿಗೆ ಎರಡು ರಾತ್ರಿ ಕಷ್ಟ ಕೊಟ್ಟೆ, ಇದನ್ನು ಇಲ್ಲಿ ಒಪ್ಪಿಕೊಳ್ಳದೆ ಥ್ಯಾಂಕ್ಸ್ ಹೇಳಿದರೆ ಸುಳ್ಳಾಗುತ್ತದೆ. ಸಿಸ್ಟರ್ ಚಾರ್ಟ್ ನೋಡಿದ ಕೂಡಲೇ ಕಂಡುಹಿಡಿದರು. ಬೈಯಲಿಲ್ಲ. ಇಷ್ಟು ಸಣ್ಣ ಡೋಸ್ ಯಾರನ್ನೂ ಕೊಲ್ಲಲ್ಲ, ಉಸಿರಿನ ಹೆದರಿಕೆ ಇಳಿಸುತ್ತದೆ ಅಷ್ಟೇ ಅಂತ ಮತ್ತೆ ಮೊದಲಿಂದ ಹೇಳಿದರು. ಸಿಸ್ಟರ್, ಆ ದಿನದ್ದು ನಾನು ಮರೆಯಲ್ಲ.

ಇನ್ನು ಆ ಅಕ್ಷರದ ಹಲಗೆ. ಮಾತು ಪೂರ್ತಿ ಹೋದ ಮೇಲೆ ಉಳಿದದ್ದು ಕಣ್ಣು. ಈ ಕಾಯಿಲೆ ಸಾಮಾನ್ಯವಾಗಿ ಕಣ್ಣಿನ ಸ್ನಾಯುಗಳನ್ನು ಕೊನೆಯವರೆಗೂ ಬಿಡುತ್ತದೆ. ಮಗಳು ದಪ್ಪ ರಟ್ಟಿನ ಮೇಲೆ ವರ್ಣಮಾಲೆ ಬರೆದಳು. ಸಾಲು ತೋರಿಸುತ್ತಾ ಹೋಗೋದು, ಕ ಸಾಲಾ, ಚ ಸಾಲಾ, ಟ ಸಾಲಾ, ಕಣ್ಣು ಮಿಟುಕಿಸಿದರೆ ಅಲ್ಲಿ ನಿಲ್ಲೋದು, ಆಮೇಲೆ ಆ ಸಾಲಿನ ಅಕ್ಷರ. ಕನ್ನಡದಲ್ಲಿ ಇದು ಎಷ್ಟು ಕಷ್ಟ ಅಂತ ಮಾಡಿದವರಿಗೇ ಗೊತ್ತು. ಅಕ್ಷರ ಸಿಕ್ಕಿದರೆ ಸಾಲದು, ಕಾಗುಣಿತ ಬೇಕು, ಒತ್ತು ಬೇಕು. ಒಂದು "ನೀರು" ಅನ್ನೋಕೆ ಎರಡು ನಿಮಿಷ. ಹಾಗಾಗಿ ಕಾಗುಣಿತ ಬಿಟ್ಟುಬಿಟ್ಟೆವು. "ನರ" ಅಂದರೆ ನೀರು. "ಮಗಳ" ಅಂದರೆ ಮಗಳು, ಅದು ಸುಲಭ.

ಒಂದು ಮಧ್ಯಾಹ್ನ ಬ, ಗ, ಲ ಅಂತ ಬಂತು. ಬಾಗಿಲು ಅಂದುಕೊಂಡೆ. ಹೋಗಿ ಮುಚ್ಚಿದೆ. ಮತ್ತೆ ಬ, ಗ, ಲ. ತೆಗೆದೆ. ಮತ್ತೆ ಅದೇ. ಅರ್ಧ ತೆಗೆದು ಕುರ್ಚಿ ಅಡ್ಡ ಇಟ್ಟೆ, ಹಿತ್ತಲ ಬಾಗಿಲಿಗೂ ಹೋಗಿಬಂದೆ. ಇವರ ಕಣ್ಣಲ್ಲಿ ನೀರು ಬರುತ್ತಿತ್ತು. ಕೆಲಸದಿಂದ ಬಂದ ಮಗಳು ಹಲಗೆ ನೋಡಿ, "ಅಮ್ಮಾ, ಬಗಲು!" ಅಂದಳು. ಬಗಲಲ್ಲಿ ತುರಿಕೆ. ಮೈ ಅಲ್ಲಾಡಲ್ಲ, ಆದರೆ ಮುಟ್ಟಿದ್ದು, ತುರಿಸಿದ್ದು, ಸೊಳ್ಳೆ ಕಚ್ಚಿದ್ದು ಎಲ್ಲ ಗೊತ್ತಾಗುತ್ತದೆ ಈ ಕಾಯಿಲೆಯಲ್ಲಿ. ನಲವತ್ತು ನಿಮಿಷ ತುರಿಕೆ ಇಟ್ಟುಕೊಂಡು, ನಾನು ಬಾಗಿಲು ಆಡಿಸೋದು ನೋಡುತ್ತಾ ಮಲಗಿದ್ದರು. ಕಣ್ಣೀರು ಅಂದುಕೊಂಡಿದ್ದೆನಲ್ಲ, ಅದು ನಗು. ಆಮೇಲೆ ತಿಂಗಳುಗಟ್ಟಲೆ ನಮ್ಮ ಮನೆಯಲ್ಲಿ ಏನು ಅರ್ಥವಾಗದಿದ್ದರೂ "ಬಾಗಿಲು ಹಾಕಲಾ?" ಅಂತ ಕೇಳೋದು ರೂಢಿಯಾಯಿತು.

ಕೊನೆಗೆ ಎದೆಯಲ್ಲಿ ಸೋಂಕಾಯಿತು. ಗಂಟಲಿಗೆ ತೂತು ಮಾಡಿ ವೆಂಟಿಲೇಟರ್ ಹಾಕೋದು ಬೇಡ ಅಂತ ಇವರು ಮಾತು ಇದ್ದಾಗಲೇ ಹೇಳಿ, ಬರೆಸಿ, ಅಂಕುಡೊಂಕಾಗಿ ಸಹಿ ಹಾಕಿದ್ದರು. ಆದರೂ ಜ್ವರ ಏರಿದಾಗ ನಾನು ಆಂಬುಲೆನ್ಸಿಗೆ ಫೋನ್ ಕೈಗೆ ತಗೊಂಡಿದ್ದೆ. ಇವರು ಹಲಗೆ ಕಡೆ ನೋಡಿದರು. ಸ. ಕ. ಮಾಸ್ಕ್ ಸಾಕಾ ಅಂದೆ. ಮಿಟುಕಿಸಲಿಲ್ಲ. ಔಷಧಿ ಸಾಕಾ? ಇಲ್ಲ. ಸೆಕೆನಾ? ಇಲ್ಲ. ಫೋನ್ ನನ್ನ ಕೈಯಲ್ಲೇ ಇತ್ತು, ಅದನ್ನೇ ನೋಡುತ್ತಿದ್ದರು. "ಆಸ್ಪತ್ರೆ ಸಾಕಾ?" ಅಂದೆ. ಕಣ್ಣು ಮುಚ್ಚಿದರು, ಮುಚ್ಚಿ ಎಷ್ಟೋ ಹೊತ್ತು ತೆಗೆಯಲಿಲ್ಲ. ಮೇಡಂ ರಾತ್ರಿಯೇ ಬಂದು, ಅದೇ ಪ್ರಶ್ನೆಯನ್ನು ತಿರುಗಿಸಿ ಮುರುಗಿಸಿ ಮೂರು ಸಲ ಕೇಳಿದರು. ಮೂರು ಸಲವೂ ಅದೇ ಉತ್ತರ. ನಿರ್ಧಾರ ನನ್ನ ತಲೆ ಮೇಲೆ ಬರಬಾರದು ಅಂತ ಮೇಡಂ ಹಾಗೆ ಮಾಡಿದರು ಅಂತ ನನಗೆ ಈಗ ಅನಿಸುತ್ತದೆ.

ಆಮೇಲೆ ನಾಲ್ಕು ದಿನ. ಉಸಿರು ಜೋರಾಗುತ್ತದೆ, ಸಣ್ಣದಾಗುತ್ತದೆ, ಪೂರ್ತಿ ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ, ಎಣಿಸೋಕೆ ಹೋಗಬೇಡಿ ಅಂತ ಸಿಸ್ಟರ್ ಹೇಳಿದ್ದರು. ಗಂಟಲಲ್ಲಿ ಗರಗರ ಸದ್ದು ಬರುತ್ತದೆ, ಕೇಳುವ ನಿಮಗೆ ಕಷ್ಟ, ಅವರಿಗೆ ಅಷ್ಟಿರಲ್ಲ ಅಂದಿದ್ದರು. ಮಂಡಿಯ ಹತ್ತಿರ ಚರ್ಮ ನೀಲಿ ನೀಲಿಯಾಗಿ ಜಾಲದ ಹಾಗೆ ಕಂಡರೆ ಮಗಳನ್ನು ಕರೆಸಿಕೊಳ್ಳಿ ಅಂದಿದ್ದರು. ಅದು ಕಂಡಿದ್ದು ಬೆಳಗಿನ ಜಾವ ಮೂರೂವರೆಗೆ. ಕರೆದೆ. ಕಿವಿ ಕೇಳಿಸುತ್ತಿರಬಹುದು, ಮಾತಾಡಿ ಅಂದಿದ್ದರು. ಏನು ಮಾತಾಡಲಿ ಅಂತ ತೋಚದೆ ಮಗಳು "ಅಪ್ಪಾ, ಬಾಗಿಲು ಹಾಕಲಾ?" ಅಂದಳು. ಐದು ಗಂಟೆಗೆ ಹತ್ತು ನಿಮಿಷ ಇರುವಾಗ ಹೋದರು. ನನಗೆ ಭಯ ಆಗಲಿಲ್ಲ. ದುಃಖ ಎಷ್ಟಾಯಿತು ಅಂತ ಬರೆಯೋಕೆ ಬರಲ್ಲ, ಆದರೆ ಭಯ ಆಗಲಿಲ್ಲ, ಯಾಕಂದರೆ ಎಲ್ಲವನ್ನೂ ಯಾರೋ ಕೂತು, ಸಮಾಧಾನವಾಗಿ, ಮೊದಲೇ ಹೇಳಿದ್ದರು.

ಇನ್ನೂ ಯಾರ್ಯಾರಿಗೆ ಹೇಳಬೇಕು. ಎದುರುಮನೆ ಹುಡುಗ, ದಿನಾ ರಾತ್ರಿ ಹತ್ತಕ್ಕೆ ಬಂದು ಇವರನ್ನು ಮಗ್ಗುಲು ತಿರುಗಿಸೋಕೆ ಕೈ ಕೊಟ್ಟವನು, ಪರೀಕ್ಷೆ ಇದ್ದ ದಿನವೂ ಬಂದ. ಇವರ ಆಫೀಸಿನ ಗೆಳೆಯರು "ಏನಾದರೂ ಬೇಕಾದರೆ ಹೇಳಿ" ಅನ್ನಲಿಲ್ಲ, "ಗುರುವಾರ ಎರಡರಿಂದ ಐದು ನಾನು ಕೂರ್ತೀನಿ, ನೀವು ಮಲಗಿ ಅತ್ತಿಗೆ" ಅಂದರು, ಒಂದೂವರೆ ವರ್ಷ ಹಾಗೇ ಮಾಡಿದರು. ವೈದ್ಯಕೀಯ ಮಂಚ ಕೊಟ್ಟವರು, ತಮ್ಮ ಮನೆಯಲ್ಲಿ ಅದು ಖಾಲಿಯಾದ ಮೇಲೆ ಕೊಟ್ಟವರು. ಮಗಳಿಗೆ ಇಲ್ಲಿ ಥ್ಯಾಂಕ್ಸ್ ಹೇಳಿದರೆ ಬೈಯುತ್ತಾಳೆ. ನನ್ನ ತಮ್ಮನಿಗೆ, ಆ ನಗುವನ್ನು ಮನಸ್ಸಿಗೆ ಹಚ್ಚಿಕೊಳ್ಳದೆ ಮರುದಿನ ಮತ್ತೆ ಬಂದಿದ್ದಕ್ಕೆ.

ಮನೆಯಲ್ಲಿ ಈಗ ಬೈಪ್ಯಾಪ್ ಸದ್ದಿಲ್ಲ. ಆ ಸದ್ದು ನಿಲ್ಲಲಿ ಅಂತ ಎಷ್ಟು ರಾತ್ರಿ ಬೇಡಿಕೊಂಡಿದ್ದೆನೋ, ಈಗ ಅದಿಲ್ಲದೆ ನಿದ್ದೆ ಬರಲ್ಲ, ಫ್ಯಾನ್ ಜೋರಾಗಿ ಹಾಕಿಕೊಂಡು ಮಲಗುತ್ತೇನೆ. ಮಂಚ, ಗಾಳಿ ಹಾಸಿಗೆ, ಕಫ ಎಳೆಯುವ ಸಕ್ಷನ್ ಯಂತ್ರ ಎಲ್ಲ ಬೇರೆ ಮನೆಗೆ ಹೋಯಿತು. ಅಕ್ಷರದ ಹಲಗೆಯನ್ನು ಮಾತ್ರ ಕೊಡೋಕೆ ಆಗಲಿಲ್ಲ. ಅದೇ ಕಾಯಿಲೆಯ ಇನ್ನೊಂದು ಮನೆಯವರು ಬೇಕು ಅಂದಾಗ ಹೊಸ ರಟ್ಟು ತಂದು ಬರೆದೆ, ಪೂರ್ತಿ ಒಂದು ಮಧ್ಯಾಹ್ನ ಹಿಡಿಯಿತು. ಮೇಲಿನ ಸಾಲಿನಲ್ಲಿ ತಕ್ಷಣ ಬೇಕಾಗುವ ಮಾತುಗಳನ್ನು ಇಡಿಯಾಗಿ ಬರೆದಿದ್ದೇನೆ: ಉಸಿರು, ತಿರುಗಿಸು, ಸೆಕೆ, ನೋವು, ತುರಿಕೆ. ಅದರ ಪಕ್ಕ ಎರಡು ಮನೆ ಮಾಡಿ, ಒಂದರಲ್ಲಿ ಬಾಗಿಲು, ಇನ್ನೊಂದರಲ್ಲಿ ಬಗಲು.